ಬೆಳೆಯ ಪರೀಕ್ಷೆಯಲ್ಲಿ ಚರಾಂಶಗಳು

ಹೊಸ ಗೊಬ್ಬರವನ್ನಾಗಲಿ, ಹೊಸ ಬೀಜವನ್ನಾಗಲಿ ಗ್ರಾಮದ ಮುಖ್ಯಸ್ಥರು ತಮ್ಮ ಹೊಲದಲ್ಲಿ ಉಪಯೋಗಿಸಿ ನೋಡಿದರೆ ಅದರ ಫಲವನ್ನು ಊರಿನವರೆಲ್ಲರೂ ಗಮನಿಸುವರು. ಅವರು ಒಳ್ಳೆಯದೆಂದರೆ ಹತ್ತು ಮಂದಿ ಸಾಲ ಮಾಡಿಯಾದರೂ ಕೊಳ್ಳುವರು. ಕೆಟ್ಟದ್ದೆಂದರೆ ಹತ್ತು ಮಂದಿ ಕೈಬಿಡುವರು. ಆದಕಾರಣ ಅವರ ತೀರ್ಮಾನವು ತಪ್ಪಾದರೆ ನಷ್ಟವು ಒಂದು ಮನೆಗೆ ಮಾತ್ರ ತಗಲತಕ್ಕದ್ದಲ್ಲ.

ಜಮೀನುದಾರನೊಬ್ಬನು ಇಳಿಜಾರಾದ ರಾಗಿ ಹೊಲದ ಕೆಳಭಾಗಕ್ಕೆ ಹೊಸ ಗೊಬ್ಬರ ಹಾಕಿ, ಮೇಲ್ಭಾಗವನ್ನು ಹಾಗೆಯೇ ಬಿಟ್ಟನೆಂದು ಭಾವಿಸೋಣ. ಕೆಳಗೆ ಫಸಲು ಹೆಚ್ಚಾಯಿತು. ಇದು ಗೊಬ್ಬರದ ಗುಣವೋ? ಮೇಲಿನಿಂದ ಕೊಚ್ಚಿಬಂದ ನಯವಾದ ಮಣ್ಣೂ ತೇವವೂ ಕೆಳಗೇ ನಿಲ್ಲುವುವು. ಗೊಬ್ಬರ ಹಾಕದಿದ್ದರೂ ಅಲ್ಲಿ ಹೆಚ್ಚು ಬೆಳೆಯುತ್ತಿದ್ದಿರಬಹುದು. ಈ ಪರೀಕ್ಷೆಯಿಂದ ಏನೂ ತಿಳಿದಂತಾಗಲಿಲ್ಲ.

ಚರಾಂಶಗಳ ಬಗೆಗಳು

ಪರೀಕ್ಷೆಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ, ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಬದಲಾಗಬಲ್ಲ ಪ್ರತಿಯೊಂದಕ್ಕೂ ಚರಾಂಶವೆಂದು ಹೆಸರು. ಇವುಗಳಲ್ಲಿ ನಾಲ್ಕು ಬಗೆಗಳನ್ನು ತಿಳಿದಿರುವುದು ಅವಶ್ಯ.

ಪರೀಕ್ಷಕನು ಬೇಕೆಂದೇ ಬದಲಾಯಿಸುವುದು ಕಾರಣ ಚರಾಂಶ. ಮೇಲಿನ ಉದಾಹರಣೆಯಲ್ಲಿ ಅದು ಗೊಬ್ಬರ. ಅದರಿಂದ ಉಂಟಾಗುವುದೆಂದು ಅಳೆದು ನೋಡುವುದು ಫಲ ಚರಾಂಶ. ಅದು ಒಣಗಿದ ಕಾಳಿನ ತೂಕ. ಬೀಜದ ಜಾತಿ, ಬಿತ್ತನೆಯ ದಿನ, ಸಾಲಿನ ಅಂತರ, ಕುಂಟೆ ಹೊಡೆಯುವ ಸರದಿ ಇವೆಲ್ಲ ಎರಡೂ ಕಡೆಗಳಲ್ಲಿ ಸಮವಾಗಿಡತಕ್ಕ ಚರಾಂಶಗಳು. ಕಾರಣದೊಡನೆ ಕಲೆತು ಫಲವನ್ನೂ ಮಾರ್ಪಡಿಸಿ, ಯಾವುದರಿಂದ ಯಾವುದಾಯಿತೆಂಬುದನ್ನು ಮರೆಮಾಡುವುದು ಬೆರಕೆಯ ಚರಾಂಶ. ಹೊಲದ ಇಳಿಜಾರು ಇಂಥದು.

ಚರಾಂಶಗಳಲ್ಲಿ ಕೆಲವು ಹೆಸರಿನಿಂದ ಗುರುತಿಸತಕ್ಕವು, ಬೀಜದ ಜಾತಿಯಂತೆ; ಕೆಲವು ಎಣಿಸತಕ್ಕವು, ತೆನೆಗಳಂತೆ; ಕೆಲವು ಅಳೆಯತಕ್ಕವು, ಮಳೆ ಮತ್ತು ತೂಕಗಳಂತೆ. ಅಳೆಯಬಹುದಾದುದನ್ನು ಅಳೆದೇ ಬರೆಯತಕ್ಕದ್ದು. "ಮಳೆ ಚೆನ್ನಾಗಿತ್ತು" ಎಂಬ ಬರಹವು ಮರುವರ್ಷ ಹೋಲಿಸಿ ನೋಡಲು ಒದಗುವುದಿಲ್ಲ.

ರಾಥಮ್‌ಸ್ಟೆಡ್ಡಿನ ಹೊಲ

ಬೆರಕೆಯ ಚರಾಂಶವು ಎಷ್ಟು ಸದ್ದಿಲ್ಲದೆ ಬರುವುದೆಂಬುದಕ್ಕೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕ್ಷೇತ್ರವೇ ಸಾಕ್ಷಿ. ಅಲ್ಲಿನ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬವರು 1843ರಲ್ಲಿ ಗೋಧಿಯ ಪರೀಕ್ಷೆಯನ್ನು ಆರಂಭಿಸಿದರು. ಒಂದು ತಾಕಿಗೆ ಯಾವ ಗೊಬ್ಬರವೂ ಇಲ್ಲ. ಒಂದಕ್ಕೆ ಕೊಟ್ಟಿಗೆ ಗೊಬ್ಬರ. ಉಳಿದವಕ್ಕೆ ಬೇರೆ ಬೇರೆ ರಾಸಾಯನಿಕ ಗೊಬ್ಬರಗಳು. 1919ರಲ್ಲಿ ಅಲ್ಲಿಗೆ ಬಂದ ಫಿಷರ್ ಎಂಬ ಗಣಿತಜ್ಞರು ಅಷ್ಟು ವರ್ಷಗಳ ಲೆಕ್ಕಗಳನ್ನು ಶೋಧಿಸಿ 1921ರಲ್ಲಿ ಪ್ರಕಟಿಸಿದರು. ಫಸಲಿನ ಏರಿಳಿತಗಳೆಲ್ಲಕ್ಕೂ ಗೊಬ್ಬರವೇ ಕಾರಣವಾಗಿರಲಿಲ್ಲ. ವರ್ಷವರ್ಷದ ಹವೆಯೂ, ಮಣ್ಣಿನ ಸಾರವು ಕುಂದಿದುದೂ ಅವುಗಳಲ್ಲಿ ಸೇರಿದ್ದುವು. ಬಹುಕಾಲ ಹಿಡಿದು ನಿಧಾನವಾಗಿ ಬಂದ ಮಾರ್ಪಾಡುಗಳಿಗೆ ಕಳೆಯು ಕಾರಣವಾಗಿರಬಹುದೆಂದು ಅವರು ಎಣಿಸಿದರು. 1920ರ ದಶಕದಲ್ಲಿ ಕಳೆಯನ್ನು ಅಡಗಿಸಲು ಆ ಹೊಲವನ್ನು ಭಾಗಭಾಗವಾಗಿ ಬೀಳುಬಿಡಬೇಕಾಯಿತು. ಗೊಬ್ಬರವನ್ನು ಪರೀಕ್ಷಿಸಲು ಹೊರಟ ಹೊಲದಲ್ಲಿ ಕಳೆಯೂ ತನ್ನ ಕೆಲಸವನ್ನು ನಡೆಸಿತ್ತು.

ಸಮಮಾಡಲಾಗದ ಚರಾಂಶಗಳಿಗೆ ಫಿಷರ್ ಅವರು ತೋರಿಸಿದ ಉಪಾಯಗಳು ಮೂರು: ಪರೀಕ್ಷೆಯನ್ನು ಹಲವು ತಾಕುಗಳಲ್ಲಿ ಪುನಃ ಪುನಃ ಮಾಡುವುದು, ಒಂದೇ ಬಗೆಯ ನೆಲದ ತಾಕುಗಳನ್ನು ಒಟ್ಟುಗೂಡಿಸಿ ಹೋಲಿಸುವುದು, ಯಾವ ತಾಕಿಗೆ ಯಾವುದೆಂಬುದನ್ನು ಅದೃಷ್ಟಕ್ಕೆ ಬಿಡುವುದು.

ಗ್ರಾಮದಲ್ಲಿ ನಡೆಸುವ ಕ್ರಮ

ಎಂಟು ಗುಂಟೆ ಖುಷ್ಕಿ ಜಮೀನು ಇದಕ್ಕೆ ಸಾಕು. ಮರದ ನೆರಳನ್ನೂ ಹಳೆಯ ತಿಪ್ಪೆಯ ಜಾಗವನ್ನೂ ಬಿಟ್ಟು, ತಲಾ 33 ಅಡಿ ಚಚ್ಚೌಕದ ಎಂಟು ತಾಕುಗಳನ್ನು ಗುರುತಿಸತಕ್ಕದ್ದು. ಒಂದೇ ಮಟ್ಟದಲ್ಲಿ ಅಕ್ಕಪಕ್ಕದಲ್ಲಿರುವ ಎರಡು ತಾಕುಗಳು ಒಂದು ಜೋಡಿ. ಇಂಥ ನಾಲ್ಕು ಜೋಡಿಗಳು ಮೇಲಿನಿಂದ ಕೆಳಕ್ಕೆ ಇರಬೇಕು. ಪ್ರತಿ ಜೋಡಿಯಲ್ಲಿಯೂ ಗೊಬ್ಬರ ಯಾವ ತಾಕಿಗೆಂಬುದನ್ನು ನಾಣ್ಯ ಚಿಮ್ಮಿ ನಿರ್ಧರಿಸಬೇಕು; ಕಣ್ಣಿಗೆ ಒಳ್ಳೆಯದಾಗಿ ಕಂಡ ತಾಕನ್ನು ಆರಿಸಬಾರದು. ಒಂದರ ಗೊಬ್ಬರ ಇನ್ನೊಂದಕ್ಕೆ ಹರಿಯದಂತೆ ನಡುವೆ ಸಣ್ಣ ಬದು ಹಾಕಬೇಕು. ಕೊಯ್ಲಿನಲ್ಲಿ ಅಂಚಿನ ಎರಡೆರಡು ಸಾಲುಗಳನ್ನು ಬಿಟ್ಟು, ಪ್ರತಿ ತಾಕಿನ ತೆನೆಯನ್ನು ಬೇರೆಯಾಗಿ ಒಕ್ಕಿ, ಒಣಗಿಸಿ, ತೂಗಿ ಬರೆದಿಡಬೇಕು.

ನಾಲ್ಕು ಜೋಡಿಗಳಲ್ಲಿಯೂ ಗೊಬ್ಬರದ ತಾಕೇ ಮುಂದಾದರೆ ಆ ಫಲವು ಗಮನಾರ್ಹ. ಗೊಬ್ಬರದಲ್ಲಿ ಯಾವ ಗುಣವೂ ಇಲ್ಲದಿದ್ದರೆ ಹಾಗಾಗುವ ಸಂಭವವು ಹದಿನಾರರಲ್ಲಿ ಒಂದು ಮಾತ್ರ. ಎರಡರಲ್ಲಿ ಮುಂದು, ಎರಡರಲ್ಲಿ ಹಿಂದು ಆದರೆ ಹಣ ಹಾಕಲು ಅವಸರಪಡತಕ್ಕದ್ದಲ್ಲ.

ಇಷ್ಟಾದರೂ ಮಳೆಯು ಯಾರ ಕೈಯಲ್ಲಿಯೂ ಇಲ್ಲ. ಹದವಾದ ಮಳೆಯಲ್ಲಿ ಫಲಕೊಟ್ಟ ಗೊಬ್ಬರವು ಬರಗಾಲದಲ್ಲಿ ದಂಡವಾಗಬಹುದು. ಆದಕಾರಣ ಎರಡು ಮೂರು ವರ್ಷಗಳಾದರೂ ಪರೀಕ್ಷೆಯನ್ನು ನಡೆಸಿ, ಆಯಾ ವರ್ಷದ ಮಳೆಯ ಲೆಕ್ಕವನ್ನೂ ಕಾಳಿನ ಲೆಕ್ಕದೊಡನೆ ಇಡುವುದು ಯುಕ್ತ. ಎಂಟು ಗುಂಟೆಯಲ್ಲಿ ತಪ್ಪಾದರೆ ನಷ್ಟ ಅಲ್ಪ. ಊರಿನ ಹೊಲಗಳೆಲ್ಲದರಲ್ಲಿ ತಪ್ಪಾದರೆ ಅದನ್ನು ತುಂಬಿಕೊಡುವವರಾರೂ ಇರುವುದಿಲ್ಲ.