ಯಾರಿಂದ ಗುಟ್ಟು?



"ನಿಮ್ಮ ಖಾಸಗಿತನ ನಮ್ಮಲ್ಲಿ ಭದ್ರ" ಎಂದು ಈಗ ಬಹುತೇಕ ಎಲ್ಲ ಬ್ರೌಸರ್‌ಗಳೂ ಹೇಳುತ್ತವೆ. ಇದನ್ನು ಅಳೆಯುವುದು ಹೇಗೆ? 'ಮುಚ್ಚಿಡು' ಎಂದರೆ ಏನನ್ನು, ಯಾರಿಂದ ಎಂದು ತಿಳಿಯದೆ ಅರ್ಥ ಪೂರ್ತಿಯಾಗುವುದಿಲ್ಲ, ಅಲ್ಲವೇ? ಇಲ್ಲಿಯೂ ಅದನ್ನೇ ಕೇಳಿ.

ಕ್ರೋಮ್‌ನ ಇನ್‌ಕಾಗ್ನಿಟೋ ತೆಗೆದುಕೊಳ್ಳಿ. ಆ ಕಿಟಕಿ ಮುಚ್ಚಿದ ಮೇಲೆ ನೀವು ನೋಡಿದ ಪುಟಗಳ ಪಟ್ಟಿ ಕಂಪ್ಯೂಟರಿನಲ್ಲಿ ಉಳಿಯುವುದಿಲ್ಲ. ಅಂದರೆ ಅದೇ ಕಂಪ್ಯೂಟರ್ ಬಳಸುವ ಮನೆಯವರಿಂದ ಗುಟ್ಟು, ಅಷ್ಟೇ. ನೀವು ಹೋದ ತಾಣ, ಇಂಟರ್ನೆಟ್ ಕಂಪನಿ, ಆಫೀಸಿನ ನೆಟ್‌ವರ್ಕ್ ಇವುಗಳಿಂದಲ್ಲ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸವನ್ನೋ ವೀಸಾ ವಕೀಲರನ್ನೋ ಹುಡುಕುವವರು ಇದನ್ನು ಮರೆಯಬಾರದು. ಇದೇ ವಿಚಾರವಾಗಿ 2020ರಲ್ಲಿ ಅಮೆರಿಕದಲ್ಲಿ ಗೂಗಲ್ ಮೇಲೆ ಮೊಕದ್ದಮೆ ಹೂಡಲಾಯಿತು. 2024ರಲ್ಲಿ ರಾಜಿಯಾಗಿ, ಕೋಟಿಗಟ್ಟಲೆ ದಾಖಲೆಗಳನ್ನು ಅಳಿಸಲು ಅದು ಒಪ್ಪಿತು.

ಎರಡನೆಯ ಪ್ರಶ್ನೆ: ರಕ್ಷಣೆ ತಾನಾಗಿಯೇ ಇದೆಯೇ, ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಹಾಕಬೇಕೇ? ಒಂದು ತಾಣದಲ್ಲಿ ಸೀರೆ ನೋಡಿದರೆ ಅಡುಗೆಯ ತಾಣದಲ್ಲೂ ಅದೇ ಸೀರೆ ಬಂದು ನಿಲ್ಲುತ್ತದೆ. ಜಾಹೀರಾತು ಕಂಪನಿಗಳು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಥರ್ಡ್ ಪಾರ್ಟಿ ಕುಕೀಗಳು ಇದಕ್ಕೊಂದು ಮುಖ್ಯ ಕಾರಣ. ಸಫಾರಿ 2020ರಿಂದ ಇವನ್ನು ತಾನಾಗಿಯೇ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕೀಗಳನ್ನು ಬೇರೆ ಬೇರೆ ಡಬ್ಬಿಯಲ್ಲಿಡುತ್ತಿದೆ. ಎರಡು ವರ್ಷದಲ್ಲಿ ನಿಲ್ಲಿಸುತ್ತೇವೆ ಎಂದು 2020ರಲ್ಲಿ ಹೇಳಿದ್ದ ಗೂಗಲ್, 2024ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು.

ಮೂರನೆಯದು: ಹಣ ಎಲ್ಲಿಂದ ಬರುತ್ತದೆ? ಗೂಗಲ್‌ಗೆ ಜಾಹೀರಾತೇ ಮುಖ್ಯ ಆದಾಯ. ಖಾಸಗಿತನಕ್ಕೇ ಹೆಸರಾದ ಡಕ್‌ಡಕ್‌ಗೋ ಬ್ರೌಸರ್ ಕೂಡ ತನ್ನ ಪಾಲುದಾರ ಮೈಕ್ರೋಸಾಫ್ಟ್‌ನ ಕೆಲವು ಟ್ರ್ಯಾಕರ್‌ಗಳನ್ನು ಬಿಟ್ಟುಕೊಡುತ್ತಿದ್ದುದು 2022ರಲ್ಲಿ ಬಯಲಾಯಿತು. ಅದೇ ವರ್ಷ ಸರಿಪಡಿಸಿಕೊಂಡಿತು. ಒಳ್ಳೆಯ ಹೆಸರೊಂದೇ ಸಾಲದು.

ಕುಕೀ ಇಲ್ಲದೆಯೂ ನಮ್ಮನ್ನು ಗುರುತಿಸಬಹುದು. ಪರದೆಯ ಅಳತೆ, ಫಾಂಟ್, ಟೈಮ್ ಝೋನ್, ಭಾಷೆ ಎಲ್ಲ ಸೇರಿದರೆ ಬೆರಳಚ್ಚಿನಂಥ ಗುರುತಾಗುತ್ತದೆ. ಇಲ್ಲಿ ನಮ್ಮಂಥವರ ಪಾಡು ವಿಶೇಷ: ಬ್ರೌಸರಿನ ಭಾಷೆ ಕನ್ನಡ, ಗಡಿಯಾರ ಬರ್ಲಿನ್ನಿನದೋ ಷಿಕಾಗೋದೋ ಆದರೆ, ಅಂಥವರ ಗುಂಪು ತೀರಾ ಚಿಕ್ಕದು, ಗುರುತು ಹಿಡಿಯುವುದು ಸುಲಭ. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಸಂಸ್ಥೆಯ 'ಕವರ್ ಯುವರ್ ಟ್ರ್ಯಾಕ್ಸ್' ಎಂಬ ಉಚಿತ ತಾಣದಲ್ಲಿ ನಿಮ್ಮ ಬ್ರೌಸರನ್ನು ನೀವೇ ಪರೀಕ್ಷಿಸಬಹುದು.

ಹಾಗೆಂದು ಕನ್ನಡವನ್ನು ತೆಗೆದುಹಾಕಬೇಡಿ. ಬೆರಳಚ್ಚನ್ನು ಮಸುಕಾಗಿಸಲು ಯತ್ನಿಸುವ ಫೈರ್‌ಫಾಕ್ಸ್, ಬ್ರೇವ್‌ನಂಥವುಗಳಲ್ಲಿ ಒಂದನ್ನು ಆರಿಸಿಕೊಂಡು, ಅದನ್ನೂ ಇದೇ ಮೂರು ಪ್ರಶ್ನೆಗಳಿಂದ ಅಳೆಯಿರಿ.