ಒಂದು ಬಕೆಟ್ ನೀರು, ಒಂದು ತಲೆ ಗುಂಗುರು

'ಏ ಪೋರಿ, ತಲಿ ಬಾಚ್ಕೊಂಡಿಲ್ಲೇನ?'

ಔರಾದ್ ಬಸ್ ನಿಲ್ದಾಣದಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಬಾಚಿಕೊಂಡೇ ಬಂದಿರುತ್ತಿದ್ದೆ. ಬಾಚಿದ್ದರಿಂದಲೇ ಹಾಗಾಗಿರುತ್ತಿತ್ತು ಎನ್ನುವುದು ಗೊತ್ತಾಗಲು ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು.

ನನ್ನದು ಅಪ್ಪನ ಕೂದಲು. ಬುಡದಿಂದಲೇ ಸುರುಳಿ, ಮುಟ್ಟಿದರೆ ಒಣ ಹುಲ್ಲು. ಅಪ್ಪ ತಿಂಗಳಿಗೊಮ್ಮೆ ಕಟಿಂಗ್ ಮಾಡಿಸಿ ಆರಾಮಾಗಿ ಇರುತ್ತಾನೆ, ಅವನನ್ನು ಯಾರೂ ಏನೂ ಕೇಳುವುದಿಲ್ಲ. ನನಗೆ ಮಾತ್ರ ಶಾಲೆಯಲ್ಲಿ 'ಸಾಯಿಬಾಬಾ', ಕಾಲೇಜಿನಲ್ಲಿ 'ಮ್ಯಾಗಿ'. ಅವ್ವನ ಕೂದಲು ನೀರು ಸುರಿದಂತೆ ಸೀದಾ. ಹಾಗಾಗಿ ಅವಳಿಗೆ ಗೊತ್ತಿದ್ದ ಉಪಾಯ ಒಂದೇ: ಅಂಗೈ ತುಂಬ ಎಣ್ಣೆ, ಸಣ್ಣ ಹಲ್ಲಿನ ಬಾಚಣಿಕೆ, ತಲೆ ಹಿಂದಕ್ಕೆ ಎಳೆದು ಕಣ್ಣಲ್ಲಿ ನೀರು ಬರುವಂತೆ ಎರಡು ಜಡೆ.

ಅಜ್ಜಿಯ ಭಯವೇ ಬೇರೆ. 'ಸಿಕ್ಕು ಹಂಗೇ ಬಿಟ್ರ ಜಡಿ ಬೀಳ್ತದ, ಎಲ್ಲವ್ವ ಕರೀತಾಳ' ಅನ್ನುತ್ತಿದ್ದಳು. ನಗಬೇಡಿ. ಮಹಾರಾಷ್ಟ್ರಕ್ಕೆ ಅಂಟಿಕೊಂಡ ನಮ್ಮ ಗಡಿ ಭಾಗದಲ್ಲಿ ಸಿಕ್ಕು ಅಂದರೆ ಬರೀ ಸಿಕ್ಕಲ್ಲ. ಕೂದಲು ಗಂಟುಕಟ್ಟಿದ ಹೆಣ್ಣುಮಕ್ಕಳನ್ನು ದೇವಿಯ ಪಾಲು ಎಂದು ಬಿಟ್ಟ ಕಾಲವೊಂದಿತ್ತು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲಿ ತಂದಿತು. ಆದರೆ ಭಯ ಕಾಯ್ದೆಗಿಂತ ನಿಧಾನವಾಗಿ ಹೋಗುತ್ತದೆ. ಕೂದಲು ಗಂಟು ಬೀಳುವುದಕ್ಕೆ ದೇವಿ ಬೇಕಿಲ್ಲ. ಪ್ರತಿಯೊಬ್ಬರ ತಲೆಯಿಂದಲೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಸೀದಾ ಕೂದಲಿದ್ದವರಲ್ಲಿ ಅವು ನೆಲಕ್ಕೆ ಬೀಳುತ್ತವೆ, ಗುಂಗುರಿನಲ್ಲಿ ಪಕ್ಕದ ಸುರುಳಿಗೆ ಸಿಕ್ಕಿಕೊಂಡು ಉಳಿಯುತ್ತವೆ. ಅದರ ಮೇಲೆ ಧೂಳು, ಹಳೆಯ ಎಣ್ಣೆ ಸೇರಿದರೆ ಗಂಟು ತಯಾರು. ಅಜ್ಜಿಗೆ ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅವಳೂ ನೆಮ್ಮದಿಯಾಗಿರುತ್ತಿದ್ದಳು, ನನ್ನ ನೆತ್ತಿಯೂ.

ಭಾಲ್ಕಿಯ ಬಕೆಟ್

ಹೈಸ್ಕೂಲಿಗೆ ಭಾಲ್ಕಿಯ ಹಾಸ್ಟೆಲ್ ಸೇರಿದೆ. ಅಲ್ಲಿ ಒಬ್ಬರಿಗೆ ಒಂದು ಬಕೆಟ್ ನೀರು. ಬೇಸಿಗೆಯಲ್ಲಿ ಅದೂ ಪೂರ್ತಿ ಇಲ್ಲ. ಕಾರಂಜಾ ಜಲಾಶಯ ನಮ್ಮ ಭಾಲ್ಕಿ ತಾಲ್ಲೂಕಿನಲ್ಲೇ ಇದೆ ಎಂದು ಭೂಗೋಳದ ಪಾಠದಲ್ಲಿ ಓದಿ, ಬಕೆಟ್ ನೋಡಿ ನಗುತ್ತಿದ್ದೆವು. ಭಾನುವಾರ ತಲೆಸ್ನಾನ. ಬಟ್ಟೆ ತೊಳೆದ ಸಾಬೂನಿನಿಂದಲೇ ತಲೆಯೂ ತೊಳೆದದ್ದುಂಟು. ಒಣಗಿದ ಮೇಲೆ ಕೂದಲಿನ ಮೇಲೆ ಬೂದಿ ಹಚ್ಚಿದಂತೆ ಒಂದು ಪದರ.

ಆ ಪದರ ಏನೆಂದು ಪಿಯುಸಿ ರಸಾಯನಶಾಸ್ತ್ರ ಹೇಳಿಕೊಟ್ಟಿತು. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅದು ಗಡಸು ನೀರು. ಸಾಬೂನು ಅದರ ಜತೆ ಸೇರಿದರೆ ನೊರೆ ಬರುವುದಿಲ್ಲ, ಕರಗದ ಬಿಳಿ ಕಸ ಕೂಡುತ್ತದೆ. ನಮ್ಮ ಮನೆಯಲ್ಲಿ ನೀರು ಕಾಯಿಸುವ ಹಂಡೆಯೊಳಗೆ ಚಿಪ್ಪಿನಂತೆ ಕಟ್ಟುವುದೂ ಅದೇ ಖನಿಜ. ಹಂಡೆಗೆ ಹಿಡಿದದ್ದು ಕೂದಲಿಗೆ ಹಿಡಿಯದೆ ಬಿಡುತ್ತದೆಯೇ?

ಮೊದಲೇ ಗುಂಗುರು ಕೂದಲು ಒಣ ಸ್ವಭಾವದ್ದು. ಕೂದಲು ಹುಟ್ಟುವ ಬುಡದ ಕುಳಿ ದುಂಡಗಿದ್ದರೆ ಕೂದಲು ಸೀದಾ ಬರುತ್ತದೆ, ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿ ಬಾಗಿದ್ದರೆ ಸುರುಳಿ. ನೆತ್ತಿಯಲ್ಲಿ ಎಲ್ಲರಿಗೂ ಎಣ್ಣೆಯಂಶ ಒಸರುತ್ತದೆ. ಸೀದಾ ಕೂದಲಿನಲ್ಲಿ ಅದು ಜಾರಿ ತುದಿಯವರೆಗೆ ಹೋಗುತ್ತದೆ. ನಮ್ಮ ಸುರುಳಿಯಲ್ಲಿ ಘಾಟಿ ರಸ್ತೆಯ ಲಾರಿಯ ಹಾಗೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅದಕ್ಕೇ ನೆತ್ತಿ ಜಿಡ್ಡು, ತುದಿ ಒಣ. ತಿರುವು ಇರುವಲ್ಲೆಲ್ಲ ಕೂದಲಿನ ಹೊರಪದರದ ಪೊರೆ ಸ್ವಲ್ಪ ಎದ್ದಿರುವುದರಿಂದ ಒಳಗಿನ ತೇವವೂ ಬೇಗ ಆರುತ್ತದೆ. ಇದರ ಮೇಲೆ ಬೀದರ್ ಜಿಲ್ಲೆಯ ಹವೆ: ಬೇಸಿಗೆಯಲ್ಲಿ ಬೆಂಕಿಗಾಳಿ, ಡಿಸೆಂಬರಿನಲ್ಲಿ ತುಟಿ ಒಡೆಯುವ ಒಣ ಚಳಿ. ಅಂದರೆ ನನ್ನ ಕೂದಲು ಕೆಟ್ಟದ್ದಾಗಿರಲಿಲ್ಲ, ಬಾಯಾರಿತ್ತು. ಬಾಯಾರಿದವರಿಗೆ ಎಳೆದು ಎಳೆದು ಬಾಚಿದರೆ ಏನು ಬಂತು?

ಬೀದರಿನ ಪಾರ್ಲರ್

ಇಷ್ಟೆಲ್ಲ ಆಗ ಗೊತ್ತಿರಲಿಲ್ಲ. ಡಿಗ್ರಿಗೆ ಬೀದರಿಗೆ ಬಂದಾಗ ಚಿಕ್ಕಪ್ಪನ ಮಗಳ ಮದುವೆ ನಿಕ್ಕಿಯಾಯಿತು. 'ಫೋಟೋದಾಗ ಛಂದ ಕಾಣಬೇಕಲ್ಲ, ಜರಾ ಸೀದಾ ಮಾಡ್ಸ್ಕೋ' ಎಂದರು ಅತ್ತೆ. ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿದ್ದ 4,500 ರೂಪಾಯಿ ತೆಗೆದುಕೊಂಡು ಪಾರ್ಲರ್ ಒಂದಕ್ಕೆ ಹೋಗಿ ರಿಬಾಂಡಿಂಗ್ ಮಾಡಿಸಿಕೊಂಡೆ. ಐದು ತಾಸು ಕೂತೆ. ಮದುವೆಯಲ್ಲಿ ಎಲ್ಲರೂ ಹೊಗಳಿದರು. ಸುಳ್ಳು ಹೇಳುವುದಿಲ್ಲ, ನನಗೂ ಖುಷಿಯಾಗಿತ್ತು. ಬಸ್ಸಿನ ಕಿಟಕಿ ಪಕ್ಕ ಕೂತಾಗ ಜೀವನದಲ್ಲಿ ಮೊದಲ ಸಲ ಕೂದಲು ಗಾಳಿಗೆ ಹಾರಿತು.

ಕೂದಲಿನ ಆಕಾರವನ್ನು ಹಿಡಿದಿಡುವುದು ಅದರೊಳಗಿನ ಕೆರಾಟಿನ್ ಎಂಬ ಪ್ರೋಟೀನ್ ಎಳೆಗಳ ನಡುವಿನ ಗಂಧಕದ ಬಂಧಗಳು. ರಿಬಾಂಡಿಂಗ್ ರಾಸಾಯನಿಕ ಆ ಬಂಧಗಳನ್ನು ಮುರಿಯುತ್ತದೆ, ಬಿಸಿ ಇಸ್ತ್ರಿ ಸೀದಾ ಮಾಡುತ್ತದೆ, ಎರಡನೆಯ ರಾಸಾಯನಿಕ ಆ ಸ್ಥಿತಿಯಲ್ಲೇ ಮತ್ತೆ ಕಟ್ಟುತ್ತದೆ. ಆದರೆ ಮುರಿದದ್ದೆಲ್ಲ ಮತ್ತೆ ಕೂಡುವುದಿಲ್ಲ, ಕೂದಲು ಬಲ ಕಳೆದುಕೊಳ್ಳುತ್ತದೆ. ಬುಡದಿಂದ ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವ ಹೊಸ ಕೂದಲಿಗೆ ಈ ಯಾವ ಸುದ್ದಿಯೂ ಗೊತ್ತಿಲ್ಲ. ಅದು ಗುಂಗುರಾಗಿಯೇ ಬರುತ್ತದೆ. ಆರು ತಿಂಗಳಿಗೆ ನನ್ನ ತಲೆ ಮೇಲೆ ಪೊದೆ, ಕೆಳಗೆ ಪೊರಕೆ. ಎರಡೂ ಸೇರುವ ಜಾಗದಲ್ಲಿ ಬಾಚಿದಾಗಲೆಲ್ಲ ಕಡ್ಡಿಯಂತೆ ಮುರಿಯುತ್ತಿತ್ತು.

ನನ್ನ ಗೆಳತಿಯೊಬ್ಬಳು 'ಕೆರಾಟಿನ್' ಮಾಡಿಸಲು ಹೋದಾಗ ಹೊಗೆಗೆ ಕಣ್ಣುರಿ ತಡೆಯದೆ ಎದ್ದು ಬಂದಳು. ಇಂಥ ಕೆಲವು ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮಾಡಿಸುವವಳು ವರ್ಷಕ್ಕೊಮ್ಮೆ ಆ ಹೊಗೆ ಕುಡಿದರೆ, ಮಾಡುವ ಹುಡುಗಿ ದಿನವೂ ಕುಡಿಯುತ್ತಾಳೆ. ಮಾಡಿಸಲೇಬೇಕೆಂದರೆ ಬಾಟಲಿಯ ಮೇಲೆ ಬರೆದದ್ದನ್ನು ಕೇಳಿ ಓದಿ, ಕಿಟಕಿ ತೆರೆಸಿ. ಅದು ನಮ್ಮ ಹಕ್ಕು.

ಕೊನೆಗೆ ಸೀದಾ ಭಾಗವನ್ನೆಲ್ಲ ಕತ್ತರಿಸಿದೆ. ಕಿವಿಯ ಮಟ್ಟಕ್ಕೆ ಬಂತು. ಅವ್ವ ಎರಡು ದಿನ ಮಾತಾಡಲಿಲ್ಲ.

ಕಟ್ಟಿಗೆ ಬಾಚಣಿಕೆಯ ಪಾಠ

ದಾರಿ ತೋರಿಸಿದವಳು ನನ್ನ ಸಿಖ್ ಗೆಳತಿ. ನಾನಕ್ ಝೀರಾ ಗುರುದ್ವಾರದ ಊರಾದ ಬೀದರಿನಲ್ಲಿ ಸಿಖ್ಖರು ನಮಗೆ ಹೊಸಬರಲ್ಲ. 1699ರಲ್ಲಿ ಗುರು ಗೋವಿಂದ ಸಿಂಗರು ಖಾಲ್ಸಾ ಕಟ್ಟಿದಾಗ ತಲೆ ಕೊಡಲು ಎದ್ದು ನಿಂತ ಐವರು 'ಪಂಜ್ ಪ್ಯಾರೆ'ಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಮನೆತನದವರು ಎಂದು ಸಿಖ್ ಪರಂಪರೆ ಹೇಳುತ್ತದೆ. ಕತ್ತರಿ ಹಿಡಿಯುವ ಮನೆಯ ಮಗ ಕೂದಲಿಗೆ ಕತ್ತರಿ ತಾಗಿಸದ ಪಂಥದ ಮೊದಲಿಗರಲ್ಲಿ ಒಬ್ಬರಾದರು! ಆ ಪಂಥದ ಐದು ಗುರುತುಗಳಲ್ಲಿ ಕೇಶದ ಪಕ್ಕದಲ್ಲೇ ಕಂಗಾ ಇದೆ, ಅಂದರೆ ಪುಟ್ಟ ಕಟ್ಟಿಗೆ ಬಾಚಣಿಕೆ. 'ಕೂದಲು ಬಿಡೋದು ಅಷ್ಟೇ ಅಲ್ಲ, ನೋಡ್ಕೊಳ್ಳೋದೂ ಧರ್ಮ' ಎಂದು ಅವಳು ಹೇಳಿದ ಮಾತು ಮನಸ್ಸಿನಲ್ಲಿ ಕೂತಿತು. ತುದಿಯಿಂದ ಶುರು ಮಾಡಿ ಮೇಲಕ್ಕೆ ಹೋಗಬೇಕು, ನೆತ್ತಿಯಿಂದ ಕೆಳಗೆ ಎಳೆಯಬಾರದು ಎಂದು ತೋರಿಸಿದವಳೂ ಅವಳೇ. ನಮ್ಮ ಕೂದಲನ್ನು ಒಣಗಿದ್ದಾಗ ಬಾಚಲೇಬಾರದು ಎಂಬುದನ್ನು ನಾನೇ ಕಂಡುಕೊಂಡೆ.

ಮೊಬೈಲಿನ ವಿಡಿಯೊಗಳಲ್ಲಿ ಹತ್ತು ಬಾಟಲಿ, ಸುರಿಯುವ ಷವರ್. ಔರಾದಿನಲ್ಲಿ ಟ್ಯಾಂಕರ್ ದಾರಿ ಕಾಯುವವರಿಗೆ ಅದು ಸಿನಿಮಾ. ಹಾಗಾಗಿ ಒಂದು ಬಕೆಟ್ಟಿಗೆ ಹೊಂದುವ ನನ್ನದೇ ಲೆಕ್ಕ ಮಾಡಿಕೊಂಡೆ.

ಸ್ನಾನಕ್ಕೆ ಅರ್ಧ ಗಂಟೆ ಮೊದಲು ಕೂದಲನ್ನು ನಾಲ್ಕು ಪಾಲು ಮಾಡಿ, ಕೈ ಒದ್ದೆ ಮಾಡಿಕೊಂಡು ಕೊಬ್ಬರಿ ಎಣ್ಣೆ ಸವರುತ್ತೇನೆ. ಬೆರಳಿನಿಂದಲೇ ಸಿಕ್ಕು ಬಿಡಿಸುತ್ತೇನೆ. ಇದಕ್ಕೆ ನೀರೇ ಬೇಡ. ಕೊಬ್ಬರಿ, ಸೂರ್ಯಕಾಂತಿ ಮತ್ತು ಖನಿಜ ತೈಲಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದರಲ್ಲಿ, ತೊಳೆಯುವಾಗ ಕೂದಲು ಪ್ರೋಟೀನ್ ಕಳೆದುಕೊಳ್ಳುವುದನ್ನು ಚೆನ್ನಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದು ಕೂದಲಿನೊಳಕ್ಕೆ ಇಳಿಯುತ್ತದೆ. ಆದರೆ ಎಣ್ಣೆ ನೀರಲ್ಲ. ಒಣ ಕೂದಲಿಗೆ ಎಷ್ಟೇ ಸುರಿದರೂ ತೇವ ಬರುವುದಿಲ್ಲ, ಇದ್ದ ತೇವ ಹೋಗದಂತೆ ತಡೆಯುತ್ತದೆ ಅಷ್ಟೇ.

ಆಮೇಲೆ ಒದ್ದೆ ಮಾಡಲು ಎರಡು ಮಗ್ ನೀರು. ಚಮಚೆಯಷ್ಟು ಶಾಂಪೂವನ್ನು ನೀರಿನಲ್ಲಿ ಕಲಸಿ ನೆತ್ತಿಗೆ ಮಾತ್ರ, ತೊಳೆಯಲು ಮೂರು ಮಗ್. ತುದಿಗೆ ಕಂಡಿಷನರ್ ಹಚ್ಚಿ ಅಗಲ ಹಲ್ಲಿನ ಬಾಚಣಿಕೆ, ಮತ್ತೆ ಎರಡು ಮಗ್. ಏಳು ಮಗ್ ಆಯಿತು, ಬಕೆಟ್ಟಿನ ಅರ್ಧ. ಉಳಿದದ್ದು ಮೈಗೆ. ಕೊನೆಯ ಒಂದು ಮಗ್ ಮಾತ್ರ ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು ಅಥವಾ ಮಳೆಗಾಲದಲ್ಲಿ ಮಾಳಿಗೆಯಿಂದ ಹಿಡಿದದ್ದು. ಗಡಸು ನೀರಿನ ಖನಿಜ ಕೂದಲಿನ ಮೇಲೆ ಒಣಗದಂತೆ ತೊಳೆದುಹೋಗಲಿ ಎಂದು. ವಾರಕ್ಕೆ ಒಂದು ಅಥವಾ ಎರಡು ಸಲ ಸಾಕು. ಸೀಗೆಕಾಯಿ, ಅಂಟುವಾಳ ಸಾಬೂನಿನಂತೆ ಗಡಸು ನೀರಿನಲ್ಲಿ ಬಿಳಿ ಕಸ ಕಟ್ಟುವುದಿಲ್ಲ. ಆದರೆ ಗಟ್ಟಿಯಾಗಿ ಹಚ್ಚಿದರೆ ಅವೂ ಜಿಡ್ಡನ್ನೆಲ್ಲ ಕಿತ್ತು ಒಣಗಿಸುತ್ತವೆ, ತೆಳುವಾಗಿರಲಿ.

ಟವೆಲ್ಲಿನಿಂದ ಉಜ್ಜಬೇಡಿ. ಅಪ್ಪನ ಹಳೆಯ ಧೋತರದ ತುಂಡಿನಲ್ಲಿ ಕೂದಲನ್ನು ಹಿಡಿದು ಮೆಲ್ಲಗೆ ಹಿಂಡಿದರೆ ಸಾಕು.

ಅಗಸಿ ಡಬ್ಬಿ

ಈಗ ನನ್ನ ಬ್ರಹ್ಮಾಸ್ತ್ರ. ಅಂಗಡಿಯಲ್ಲಿ ನೂರಾರು ರೂಪಾಯಿಗೆ ಸಿಗುವ ಕರ್ಲ್ ಜೆಲ್ ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಇದೆ: ರೊಟ್ಟಿಗೆ ಹಿಂಡಿ ಕುಟ್ಟುವ ಅಗಸಿ. ಕಾಲು ಕಪ್ ಅಗಸಿಗೆ ಎರಡು ಕಪ್ ನೀರು ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತ ಕುದಿಸಿ. ಏಳೆಂಟು ನಿಮಿಷಕ್ಕೆ ಮೊಟ್ಟೆಯ ಬಿಳಿಯಂತೆ ಲೋಳೆಯಾಗುತ್ತದೆ. ಬಿಸಿ ಇದ್ದಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ಆರಿದರೆ ಇಳಿಯುವುದಿಲ್ಲ. ನಾನು ಮೊದಲ ಸಲ ಆರಲು ಬಿಟ್ಟು ಅವ್ವನ ಹಾಲು ಸೋಸುವ ಜರಡಿ ಕೆಡಿಸಿದ್ದೇನೆ. ಒದ್ದೆ ಕೂದಲಿಗೆ ಸವರಿ, ಅಂಗೈಯಲ್ಲಿ ಸುರುಳಿಗಳನ್ನು ಮೇಲಕ್ಕೆ ಒತ್ತಿ ಬಿಡಿ. ಒಣಗಿದಾಗ ಗರಿಗರಿ ಅನ್ನಿಸಿದರೆ ಹೆದರಬೇಡಿ, ಎರಡು ಹನಿ ಎಣ್ಣೆ ಸವರಿದ ಕೈಯಿಂದ ಹಿಚುಕಿದರೆ ಮೆತ್ತಗಾಗುತ್ತದೆ. ಈ ಲೋಳೆ ಸುರುಳಿಯನ್ನು ಹಿಡಿದಿಟ್ಟು ತೇವ ಬೇಗ ಆರದಂತೆ ಕಾಯುತ್ತದೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ, ವಾಸನೆ ಬಂದರೆ ಚೆಲ್ಲಿ. ಬೇಯಿಸಿದ ಅಗಸಿ ನಮ್ಮ ಎಮ್ಮೆಯ ಪಾಲು.

ರಾತ್ರಿ ಹತ್ತಿಯ ದಿಂಬಿಗೆ ಉಜ್ಜಿ ಸಿಕ್ಕಾಗದಿರಲು ಅಜ್ಜಿಯ ಹರಿದ ರೇಷ್ಮೆ ಸೀರೆಯ ಕವರ್ ಹೊಲಿದಿದ್ದೇನೆ. ಇನ್ನೊಂದು ಮಾತು: ಒಮ್ಮೆಲೇ ಹಿಡಿ ಹಿಡಿಯಾಗಿ ಉದುರುತ್ತಿದ್ದರೆ ಜೆಲ್ ಕೆಲಸ ಮಾಡುವುದಿಲ್ಲ. ರಕ್ತಹೀನತೆಯೋ ಥೈರಾಯ್ಡೋ ಇರಬಹುದು, ವೈದ್ಯರಿಗೆ ತೋರಿಸಿ.

ಎರಡು ವರ್ಷವಾಯಿತು. ಕೂದಲು ಈಗ ಭುಜ ದಾಟಿದೆ. ಎಲ್ಲ ದಿನವೂ ಛಂದ ಇರುತ್ತದೆ ಎಂದೇನಿಲ್ಲ. ಗಾಳಿ ಬಿಟ್ಟ ದಿನ ಇವತ್ತಿಗೂ ಪೊದೆಯೇ. ಬಸ್ ನಿಲ್ದಾಣದ ಪ್ರಶ್ನೆಯೂ ನಿಂತಿಲ್ಲ.

ಕಳೆದ ದೀಪಾವಳಿಗೆ ಅಕ್ಕ ಮಗಳನ್ನು ಕರೆದುಕೊಂಡು ಊರಿಗೆ ಬಂದಿದ್ದಳು. ಆರು ವರ್ಷದ ಪೋರಿ, ಥೇಟ್ ನನ್ನದೇ ಕೂದಲು. ಅವ್ವ ಎಣ್ಣೆ ಬಟ್ಟಲು, ಸಣ್ಣ ಬಾಚಣಿಕೆ ತಂದ ಕೂಡಲೇ ಅದು ಹಿತ್ತಲಿಗೆ ಓಡಿಹೋಗಿ ಅಡಗಿ ಕೂತಿತು. ನಾನು ಹೋಗಿ ಕರೆದಾಗ, 'ಮೌಶಿ, ನಂದೂ ಸೀದಾ ಮಾಡಸ್ತಿಯೇನ?' ಎಂದು ಕೇಳಿತು. ಏನು ಹೇಳಬೇಕೋ ತಿಳಿಯಲಿಲ್ಲ. ಕರೆದುಕೊಂಡು ಬಂದು ತೊಡೆಯ ಮೇಲೆ ಕೂಡಿಸಿಕೊಂಡು ತುದಿಯಿಂದ ಶುರು ಮಾಡಿದೆ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಕ್ಕಾಲು ಗಂಟೆ ಹಿಡಿಯಿತು. ಹುಡುಗಿ ಅಳಲಿಲ್ಲ, ನಡುವೆ ನಿದ್ದೆ ಹೋಯಿತು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಹಿಂಡಿಗೆ ಹುರಿಯಲು ಇಟ್ಟಿದ್ದ ಅಗಸಿಯಲ್ಲಿ ಒಂದು ಹಿಡಿ ತೆಗೆದು ನೀರಿಗೆ ಹಾಕಿದ್ದಳು ಅವ್ವ. 'ಎಷ್ಟೊತ್ತು ಕುದಿಸ್ಬೇಕ ಇದು?' ಎಂದು ಕೇಳಿದಳು.