ಪಿ.ಎಫ್. ಹಣ ಉಳಿದ ಕಥೆ



ಗುರುಗ್ರಾಮದಲ್ಲೋ ನೋಯ್ಡಾದಲ್ಲೋ ಕೆಲಸಕ್ಕೆ ಸೇರಿ ಮೊದಲ ಸಂಬಳ ಪಡೆದಾಗ, ಪಿ.ಎಫ್. ಎಂದು ಕಡಿತವಾದ ಮೊತ್ತ ಕಂಡು ನೀವು ಗೊಣಗಿರಬಹುದು. ಆದರೆ ಅದು ನಿಮ್ಮದೇ ಉಳಿತಾಯ. ಸಾಮಾನ್ಯವಾಗಿ ನಿಮ್ಮ ಪಾಲು ಶೇ. 12 ಆದರೆ ಮಾಲೀಕರೂ ಅಷ್ಟೇ ಕೊಡುತ್ತಾರೆ. ಅದರಲ್ಲೊಂದು ಭಾಗ ಪಿಂಚಣಿಗೆ ಹೋಗುತ್ತದೆ.

2016ರ ಫೆಬ್ರುವರಿ 29ರಂದು ಹಣಕಾಸು ಸಚಿವ ಅರುಣ್ ಜೇಟ್ಲಿಯವರು ಮುಂಗಡಪತ್ರದಲ್ಲಿ ಹೊಸ ಪ್ರಸ್ತಾಪವೊಂದನ್ನು ತಂದರು. ಮುಂದೆ ಕಟ್ಟುವ ಪಿ.ಎಫ್. ಹಣವನ್ನು ನಿವೃತ್ತಿಯಾದಾಗ ತೆಗೆದರೆ ಶೇ. 40ಕ್ಕೆ ಮಾತ್ರ ತೆರಿಗೆ ವಿನಾಯಿತಿ. ಉಳಿದದ್ದನ್ನು ಪಿಂಚಣಿ ಯೋಜನೆಯಲ್ಲಿ ತೊಡಗಿಸದಿದ್ದರೆ ತೆರಿಗೆ! ವಿರೋಧ ಪಕ್ಷಗಳು, ಕಾರ್ಮಿಕ ಸಂಘಗಳು, ನೌಕರರು ಎಲ್ಲರೂ ಪ್ರತಿಭಟಿಸಿದರು. ಮಾರ್ಚ್ 8ರಂದು ಸಚಿವರೇ ಲೋಕಸಭೆಯಲ್ಲಿ ಅದನ್ನು ಹಿಂದಕ್ಕೆ ಪಡೆದರು.

ಆ ದಿನಗಳಲ್ಲೇ ಕಾರ್ಮಿಕ ಸಚಿವಾಲಯದ ಅಧಿಸೂಚನೆಯೊಂದು ಹೊರಬಿದ್ದಿತ್ತು. ಕೆಲಸ ಬಿಟ್ಟವರಿಗೆ ಪಿ.ಎಫ್.ನಲ್ಲಿ ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಗದು ಎಂದು ಅದು ಹೇಳಿತು. ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಇದು ಸಿಡಿಲಿನಂತೆ ಎರಗಿತು. ಮಕ್ಕಳ ಫೀಸಿಗೆ, ಮದುವೆಗೆ, ಸಾಲ ತೀರಿಸಲು ಅವರಿಗಿದ್ದದ್ದು ಅದೊಂದೇ ಗಂಟು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ ಹೊಸೂರು ರಸ್ತೆಯಲ್ಲಿ, ಪೀಣ್ಯದಲ್ಲಿ ಬೀದಿಗಿಳಿದರು. 19ರಂದೇ ಕೇಂದ್ರ ಸಚಿವ ಬಂಡಾರು ದತ್ತಾತ್ರೇಯ ಆ ಅಧಿಸೂಚನೆಯ ರದ್ದತಿಯನ್ನು ಪ್ರಕಟಿಸಿದರು.

ತೆರಿಗೆಯ ಮಾತಿಗೆ ಸದನದಲ್ಲಿ ದನಿಯಿತ್ತು. ಆ ಹೆಣ್ಣುಮಕ್ಕಳು ತಮ್ಮ ದನಿಯನ್ನು ರಸ್ತೆಯಲ್ಲೇ ಎತ್ತಬೇಕಾಯಿತು. ಸಂಸತ್ತಿನ ನೆರೆಯಲ್ಲೇ ಬೆಳೆದವರು ನೀವು. ಮುಂಗಡಪತ್ರದ ದಿನ ತೆರಿಗೆಯ ಪಟ್ಟಿಯನ್ನಷ್ಟೇ ನೋಡಿ ಸುಮ್ಮನಾಗಬೇಡಿ. ಹಣಕಾಸು ಮಸೂದೆ ಅಂಗೀಕಾರವಾಗುವವರೆಗೂ ಪ್ರಸ್ತಾಪ ಬರೀ ಪ್ರಸ್ತಾಪವೇ. ಓದಿ, ಪ್ರಶ್ನಿಸಿ, ನಿಮ್ಮ ಸಂಸದರಿಗೆ ಬರೆಯಿರಿ. ದೂರದ ಊರಿನಲ್ಲಿ ಬಟ್ಟೆ ಹೊಲಿಯುವವಳ ಗಂಟಿನ ಮೇಲೂ ಒಂದು ಕಣ್ಣಿರಲಿ.